ಆಬ್ಜೆಕ್ಟ್‌ನಿಂದ ಕ್ವೆರಿ ಸ್ಟ್ರಿಂಗ್ ಮಾಡೋದು ಹೇಗೆ

ಸರ್ಚ್ ಪೇಜಲ್ಲಿ ಯೂಸರ್ ಹಾಕಿರೋ ಫಿಲ್ಟರ್‌ಗಳೆಲ್ಲ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್ ಒಂದ್ರಲ್ಲಿ ಇರತ್ತೆ, ಅದನ್ನ ಯುಆರ್‌ಎಲ್ ಕೊನೇಲಿ ಕ್ವೆರಿ ಸ್ಟ್ರಿಂಗ್ ಆಗಿ (? ಆದ್ಮೇಲೆ ಬರೋ ಕೀ=ವ್ಯಾಲ್ಯೂ ಜೋಡಿಗಳು) ಸೇರಿಸಿ ಕಳಿಸ್ಬೇಕು, ಅಷ್ಟೇ ಕೆಲಸ. ತುಂಬ ಜನ ಲೂಪ್ ಓಡಿಸಿ ಕೀ, =, ವ್ಯಾಲ್ಯೂ, & ಅಂತ ಕೈಯಲ್ಲೇ ಜೋಡಿಸ್ತಾರೆ, ಟೆಸ್ಟ್ ಮಾಡುವಾಗ ಚೆನ್ನಾಗೇ ಓಡತ್ತೆ, ಆಮೇಲೆ ಯಾರೋ "ಪೆನ್&ಪೇಪರ್" ಅಂತ ಸರ್ಚ್ ಮಾಡಿದ್ರೆ ವ್ಯಾಲ್ಯೂ ಆ & ಹತ್ರಾನೇ ತುಂಡಾಗಿ ಸರ್ವರ್‌ಗೆ ಬರೀ "ಪೆನ್" ಸಿಗತ್ತೆ.

ಅದರ ಬದ್ಲು ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ (URLSearchParams) ಅನ್ನೋ ಕ್ಲಾಸ್ ಬಳಸಿ. ಈಗಿನ ಬ್ರೌಸರ್‌ಗಳಲ್ಲೂ ನೋಡ್‌ಜೆಎಸ್‌ನಲ್ಲೂ ಇದೆ, ಬೇರೆ ಲೈಬ್ರರಿ ಬೇಡ. ನ್ಯೂ ಅಂತ ಹಾಕಿ ಆಬ್ಜೆಕ್ಟ್ ಕೊಟ್ಟು ಟುಸ್ಟ್ರಿಂಗ್ ಕರೆದ್ರೆ & ಇದ್ದ ಕಡೆ %26 ಆಗಿ ನೀಟಾಗಿ ಬರತ್ತೆ. ಅದರ ಶುರುನಲ್ಲಿ ಬರೋ ? ಮಾತ್ರ ನೀವೇ ಹಾಕ್ಬೇಕು.

ಕಿರಿಕ್ ಇರೋದು ಖಾಲಿ ವ್ಯಾಲ್ಯೂಗಳಲ್ಲಿ. ಅನ್‌ಡಿಫೈನ್ಡ್, ನಲ್ ಇದ್ರೆ ಇದು ಬಿಟ್ಟುಬಿಡಲ್ಲ, ಆ ಪದಾನೇ ಅಕ್ಷರ ಅಕ್ಷರವಾಗಿ ಕಳಿಸತ್ತೆ, ಸರ್ವರ್ ಅದನ್ನೇ ಹುಡುಕ್ತಾ ಕೂರತ್ತೆ. ಅದಕ್ಕೆ ಮೊದ್ಲು ಆಬ್ಜೆಕ್ಟ್ ಎಂಟ್ರೀಸ್ (Object.entries) ಇಂದ ಕೀ-ವ್ಯಾಲ್ಯೂ ಜೋಡಿಗಳನ್ನ ತಗೊಂಡು ಆ ಎರಡು ಖಾಲಿ ವ್ಯಾಲ್ಯೂ ಇರೋದನ್ನ ಫಿಲ್ಟರ್ ಮಾಡಿ ತೆಗೆದು, ಉಳಿದ ಜೋಡಿಗಳನ್ನ ಹಾಗೇ ಕೊಡಿ. ಫಿಲ್ಟರಲ್ಲಿ ಸುಮ್ನೆ ವ್ಯಾಲ್ಯೂ ಇದ್ಯಾ ಅಂತ ಮಾತ್ರ ಚೆಕ್ ಮಾಡ್ಬೇಡಿ, ಹಂಗೆ ಮಾಡಿದ್ರೆ 0, ಫಾಲ್ಸ್ ಎರಡೂ ಹೋಗ್ಬಿಡತ್ತೆ.

ಅರೇ ಇದ್ರೆ ಎಲ್ಲಾನೂ ಕಾಮಾ ಹಾಕಿ ಒಂದೇ ವ್ಯಾಲ್ಯೂ ಮಾಡತ್ತೆ. ಬ್ಯಾಕೆಂಡ್‌ಗೆ ಅದೇ ಕೀ ಮತ್ತೆ ಮತ್ತೆ ಬೇಕಂದ್ರೆ ಒಂದೊಂದೇ ಐಟಂ ಅಪೆಂಡ್ ಮಾಡಿ (ಸೆಟ್ ಅಲ್ಲ, ಅದು ಹಳೇದನ್ನ ಅಳಿಸಿಬಿಡತ್ತೆ). ಪಿಎಚ್‌ಪಿ ಆದ್ರೆ ಕೀ ಕೊನೇಲಿ [] ಕೂಡ ಬೇಕು. ಬ್ಯಾಕೆಂಡ್‌ನವರನ್ನ ಮೊದ್ಲೇ ಕೇಳ್ಕೊಳ್ಳಿ. ಆಬ್ಜೆಕ್ಟ್ ಒಳಗೆ ಇನ್ನೊಂದು ಆಬ್ಜೆಕ್ಟ್ ಇದ್ರೆ ಅದ್ರಲ್ಲಿರೋ ಡೇಟಾ ಒಂಚೂರೂ ಬರಲ್ಲ, ಜೇಸನ್ ಸ್ಟ್ರಿಂಗಿಫೈ ಮಾಡಿ ಕೊಡಿ.

ಎನ್‌ಕೋಡ್ (ವಿಶೇಷ ಅಕ್ಷರಗಳನ್ನ %26 ಥರ ಕೋಡ್ ಮಾಡೋದು) ಒಂದೇ ಸಲ. ಮೊದ್ಲೇ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಹಾಕಿ ಆಮೇಲೆ ಇದಕ್ಕೂ ಕೊಟ್ರೆ % ಹೋಗಿ %25 ಆಗತ್ತೆ, ಸ್ಪೇಸ್ ಇದ್ದಿದ್ದು %2520 ಅಂತ ಕಾಣತ್ತೆ. ಅಂದಹಾಗೆ ಇದು ಸ್ಪೇಸ್‌ನ + ಮಾಡತ್ತೆ, ಸರ್ವರ್‌ಗೆ %20 ಅಷ್ಟೇ ಅರ್ಥ ಆಗೋದಾದ್ರೆ ಕೊನೇಲಿ ಬಂದ ಸ್ಟ್ರಿಂಗಲ್ಲಿ ಎಲ್ಲ + ತೆಗೆದು %20 ಹಾಕಿ, ಯೂಸರೇ ಟೈಪ್ ಮಾಡಿದ + ಅಷ್ಟೊತ್ತಿಗೆ ಎನ್‌ಕೋಡ್ ಆಗಿರತ್ತೆ, ಭಯ ಇಲ್ಲ.

ಪೈಥಾನ್‌ನಲ್ಲಿ ಇದೇ ಕೆಲಸಕ್ಕೆ ಯುಆರ್‌ಎಲ್‌ಎನ್‌ಕೋಡ್ ಇದೆ, ಲಿಸ್ಟ್ ಇದ್ರೆ ಡೂಸೀಕ್ (doseq) ಆಪ್ಷನ್ನ ಟ್ರೂ ಮಾಡಿ, ಇಲ್ಲಾಂದ್ರೆ ಬ್ರಾಕೆಟ್ ಸಮೇತ ಇಡೀ ಲಿಸ್ಟೇ ಒಂದು ಸ್ಟ್ರಿಂಗ್ ಆಗಿ ಹೋಗತ್ತೆ.