ಭಾಷಾ ಶಾಲೆಯಲ್ಲಿ ಉದ್ಯಮ ಕಲಿಯುವುದು: ಕಾಸರಗೋಡಿನಿಂದ ಯುರೋಪಿಗೆ ಬಂದವರಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ಮನೆಯಲ್ಲೊಂದು, ಪೇಟೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆ ಆಡಿ ರೂಢಿ. ಕನ್ನಡ, ತುಳು, ಮಲಯಾಳಗಳ ಜೊತೆಗೆ ಕೊಂಕಣಿ, ಮರಾಠಿ, ಬ್ಯಾರಿಯೂ ಕಿವಿಗೆ ಬಿದ್ದಿರುತ್ತದೆ. ಹಾಗಾಗಿ ಯುರೋಪಿನಲ್ಲಿ ನೆಲೆಯೂರಿದ ಮೇಲೆ ಸ್ವಂತ ಭಾಷಾ ಶಾಲೆ ತೆರೆಯುವ ಆಸೆ ಹಲವರಿಗೆ ಹುಟ್ಟುತ್ತದೆ. ಒಳ್ಳೆಯ ಆಸೆಯೇ. ಆದರೆ ಕಲಿಸುವುದು ಒಂದು ವಿದ್ಯೆ, ಶಾಲೆ ನಡೆಸುವುದು ಇನ್ನೊಂದು. ಈ ಎರಡನೆಯದನ್ನು ಶಾಲೆ ನಡೆಸುತ್ತಿರುವವರ ಪಕ್ಕದಲ್ಲೇ ಕೂತು ಕಲಿಯಬೇಕು.

ಅದಕ್ಕೊಂದು ಅಧಿಕೃತ ದಾರಿಯಿದೆ. ‘ಎರಾಸ್ಮಸ್ ಫಾರ್ ಯಂಗ್ ಆಂತ್ರಪ್ರೆನರ್ಸ್’ ಎಂಬ ಯೋಜನೆಯನ್ನು ಯುರೋಪಿಯನ್ ಒಕ್ಕೂಟ 2009ರಿಂದ ನಡೆಸುತ್ತಿದೆ. 18 ತುಂಬಿದ್ದರೆ ಸಾಕು, ವಯಸ್ಸಿಗೆ ಮೇಲ್ಮಿತಿ ಇಲ್ಲ. ನೀವು ಉದ್ಯಮ ಆರಂಭಿಸಲು ಹೊರಟವರಾಗಿರಬೇಕು, ಇಲ್ಲವೇ ಆರಂಭಿಸಿ 3 ವರ್ಷ ದಾಟಿರಬಾರದು. ಹೋಗುವುದು ಇನ್ನೊಂದು ದೇಶದ ಅನುಭವಿ ಉದ್ಯಮಿಯ ಬಳಿಗೆ. ಅವಧಿ 1ರಿಂದ 6 ತಿಂಗಳು. ತಿಂಗಳ ಭತ್ಯೆ ಯೋಜನೆಯಿಂದಲೇ ಬರುತ್ತದೆ, ಮೊತ್ತ ಆತಿಥೇಯ ದೇಶಕ್ಕೆ ತಕ್ಕಂತೆ. ಒಂದು ಮಾತು ನೆನಪಿರಲಿ: ಯೋಜನೆಗೆ ಸೇರಿದ ದೇಶದಲ್ಲಿ ಖಾಯಂ ವಾಸವಿರುವವರಿಗೆ ಮಾತ್ರ ಇದು ತೆರೆದಿದೆ. ಊರಲ್ಲೇ ಕೂತು ಇದರ ಮೂಲಕ ಯುರೋಪಿಗೆ ಬರಬಹುದು ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅರ್ಜಿಗೆ ಸ್ವವಿವರ, ಉದ್ದೇಶ ಪತ್ರ, ಬಿಸಿನೆಸ್ ಪ್ಲಾನ್ ಮೂರೂ ಬೇಕು. ನೀವಿರುವ ದೇಶದಲ್ಲಿ ಈ ಯೋಜನೆಯ ಅಧಿಕೃತ ಮಧ್ಯವರ್ತಿ ಸಂಸ್ಥೆಯೊಂದನ್ನು ಆರಿಸಿ ಅದರ ಮೂಲಕ ಸಲ್ಲಿಸಬೇಕು. ಹೆಚ್ಚಿನ ಅರ್ಜಿಗಳು ಎಡವುವುದು ಪ್ಲಾನ್‌ನಲ್ಲಿ. ‘ಭಾಷೆ ಕಲಿಸುತ್ತೇನೆ’ ಎಂದು ಬರೆದರೆ ಸಾಲದು. ಯಾರಿಗೆ? ವಾರಾಂತ್ಯದಲ್ಲಿ ಬರುವ ಮಕ್ಕಳಿಗೋ, ಬೆಂಗಳೂರಿಗೆ ಕೆಲಸಕ್ಕೆ ಹೊರಟ ಎಂಜಿನಿಯರಿಗೋ, ಜರ್ಮನಿಗೆ ಬರಲಿರುವ ಮಲಯಾಳಿ ನರ್ಸಿಗೋ? ಮೂವರ ಶುಲ್ಕ, ಸಮಯ, ಪಠ್ಯ ಮೂರೂ ಬೇರೆ. ಆತಿಥೇಯರನ್ನು ಮೊದಲೇ ಹುಡುಕಿಕೊಂಡಿದ್ದರೆ ಹೆಸರು ಸೂಚಿಸಬಹುದು. ಕಾಯುವ ಕಾಲ ಎಷ್ಟೋ ಉಳಿಯುತ್ತದೆ.

ಹೊರಡುವ ಮುಂಚೆ ನೀವೂ ಆತಿಥೇಯ ಉದ್ಯಮಿಯೂ ಸೇರಿ ಕೆಲಸದ ಯೋಜನೆ ಬರೆಯುತ್ತೀರಿ. ಇಲ್ಲಿ ನಾಚಿಕೊಳ್ಳಬೇಡಿ. ‘ತರಗತಿಗಳಿಗೆ ನೆರವು’ ಎಂದಷ್ಟೇ ಬರೆದರೆ ಆರು ತಿಂಗಳು ಪುಕ್ಕಟೆ ಮೇಷ್ಟ್ರಾಗಿ ದುಡಿದು ಬರುತ್ತೀರಿ. ಲೆಕ್ಕಪತ್ರ, ಶುಲ್ಕ ನಿಗದಿ, ದಾಖಲಾತಿ, ಶಿಕ್ಷಕರ ನೇಮಕ, ಕಂಪನಿಗಳಿಗೆ ದರಪಟ್ಟಿ ಕಳಿಸುವ ಬಗೆ, ಇವನ್ನೆಲ್ಲ ಹೆಸರಿಸಿ ಬರೆಸಿಕೊಳ್ಳಿ. ಪ್ರತಿಯಾಗಿ ನೀವೂ ಕೊಡಬೇಕು: ಭಾರತದಿಂದ ಬರುವ ಕಲಿಕಾರರು ಯಾವ ಪರೀಕ್ಷೆಗೆ, ಯಾವ ಗಡುವಿಗೆ ಓದುತ್ತಾರೆಂಬ ತಿಳಿವಳಿಕೆ ಅಲ್ಲಿನ ಶಾಲೆಗೆ ನಿಜಕ್ಕೂ ಬೆಲೆಯುಳ್ಳದ್ದು.

ಕಲಿಯಲೇಬೇಕಾದದ್ದು ಸೀಟಿನ ಲೆಕ್ಕ. ಉದಾಹರಣೆಗೆ 8 ಜನರ ತರಗತಿ, ತಲಾ 250 ಯೂರೋ ಎಂದರೆ 2,000. 40 ಪಾಠಕ್ಕೆ 30 ಯೂರೋದಂತೆ ಶಿಕ್ಷಕರಿಗೆ 1,200, ಕೋಣೆಗೆ 300. ಉಳಿದದ್ದು 500; ಅದರಲ್ಲೇ ಜಾಹೀರಾತು, ಕಚೇರಿ, ನಿಮ್ಮ ಸಂಬಳ. ಇಬ್ಬರು ಬಿಟ್ಟುಹೋದರೆ ಕೈಯಲ್ಲಿ ಸೊನ್ನೆ. ಆದ್ದರಿಂದಲೇ ಮುಂಗಡ ಶುಲ್ಕ, ರದ್ದತಿ ನಿಯಮ, ಕನಿಷ್ಠ ಸಂಖ್ಯೆ ಮುಟ್ಟದಿದ್ದರೆ ತರಗತಿ ಮುಂದೂಡುವ ಷರತ್ತು. ಮಟ್ಟ ಪರೀಕ್ಷೆಯನ್ನು ಹಗುರವಾಗಿ ನೋಡಬೇಡಿ: ಎ1 (ಭಾಷಾ ಕಲಿಕೆಯ ಮೊದಲ ಮಟ್ಟ) ಮುಗಿಸದವರನ್ನು ಅದರ ಮುಂದಿನ ಎ2ರಲ್ಲಿ ಕೂರಿಸಿದರೆ ಅವರೂ ಬಿಡುತ್ತಾರೆ, ಜೊತೆಯವರೂ ಬೇಸತ್ತು ಬಿಡುತ್ತಾರೆ.

ಜರ್ಮನಿಯಲ್ಲಿ ಶಾಲೆ ತೆರೆಯುವವರು ‘ಹೆರೆನ್‌ಬೆರ್ಗ್ ತೀರ್ಪು’ ಬಗ್ಗೆ ಕೇಳಿ ತಿಳಿಯಿರಿ. 2022ರಲ್ಲಿ ಅಲ್ಲಿನ ಸರ್ವೋಚ್ಚ ಸಾಮಾಜಿಕ ನ್ಯಾಯಾಲಯ, ಹೆರೆನ್‌ಬೆರ್ಗ್ ನಗರಸಭೆಯ ಸಂಗೀತ ಶಾಲೆಯಲ್ಲಿ ಸ್ವತಂತ್ರವಾಗಿ ಕಲಿಸುತ್ತಿದ್ದ ಶಿಕ್ಷಕಿಯನ್ನು ನೌಕರಳೆಂದೇ ಪರಿಗಣಿಸಿತು. ವೇಳಾಪಟ್ಟಿ, ಕೋಣೆ ಎಲ್ಲವನ್ನೂ ಶಾಲೆಯೇ ಗೊತ್ತುಮಾಡಿದರೆ ಭಾಷಾ ಶಿಕ್ಷಕರ ವಿಷಯದಲ್ಲೂ ಸಾಮಾಜಿಕ ವಿಮೆಯ ಹೊರೆ ಶಾಲೆಯ ಮೇಲೆ ಬೀಳಬಹುದು. ಹಾಗಾದಾಗ ಮೇಲಿನ ಲೆಕ್ಕವೇ ತಲೆಕೆಳಗು.

ಕೊನೆಗೆ ಕಾಗದಪತ್ರ. ಒಂದು ಷೆಂಗೆನ್ ದೇಶದ (ತಮ್ಮೊಳಗೆ ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳಲ್ಲೊಂದರ) ವಾಸಪರವಾನಗಿ ಇದ್ದರೆ ಇನ್ನೊಂದು ಷೆಂಗೆನ್ ದೇಶದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಆದರೆ ಯೋಜನೆಯ ಅವಧಿಯನ್ನು ತುಂಡುಮಾಡಿ ಪೂರೈಸಲು ಅವಕಾಶವಿದೆ. ಪ್ರತಿ ತುಂಡು ಕನಿಷ್ಠ ಒಂದು ವಾರ, ಎಲ್ಲವೂ 12 ತಿಂಗಳೊಳಗೆ. ಹಾಗೆ ತುಂಡುಮಾಡುವಾಗ ಆತಿಥೇಯ ಶಾಲೆಯಲ್ಲಿ ಹೊಸ ತರಗತಿಗಳ ದಾಖಲಾತಿ ನಡೆಯುವ ವಾರಗಳನ್ನು ತಪ್ಪಿಸಿಕೊಳ್ಳಬೇಡಿ. ಜರ್ಮನಿಯಲ್ಲಿ ವಿದ್ಯಾರ್ಥಿ ಪರವಾನಗಿ ಮೇಲಿರುವವರು ಸ್ವಂತ ಉದ್ಯಮಕ್ಕೆ ವಿದೇಶಿಯರ ಕಚೇರಿಯ ಅನುಮತಿಯನ್ನು ಬೇರೆಯಾಗಿ ಪಡೆಯಬೇಕು. ಅದು ಕೈಗೆ ಬರುವವರೆಗೆ ನಿಮ್ಮ ಹೆಸರಲ್ಲಿ ಒಂದು ಬಿಲ್ಲನ್ನೂ ಬರೆಯಬೇಡಿ.