ಷೇರು ವಿಭಜನೆಯ ಘೋಷಣೆ ತಡವಾದರೆ ಕಾರಣವನ್ನು ಊಹಿಸುವುದು ಹೇಗೆ?

ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಮನೆಗಳಲ್ಲಿ, ಬದಿಯಡ್ಕ–ಪೆರ್ಲದ ಕಡೆಯ ಅಡಿಕೆ ಬೆಳೆಗಾರರ ಕೈಯಲ್ಲಿ, ಮಂಗಳೂರು–ಉಡುಪಿಯಲ್ಲಿ ಹುಟ್ಟಿದ ಬ್ಯಾಂಕುಗಳ ಷೇರುಗಳಿರುವುದು ಹೊಸದೇನಲ್ಲ. ದರ ಏರಿದ ಕಂಪನಿಯೊಂದು ಷೇರು ವಿಭಜಿಸಲಿದೆ, ಅಂದರೆ ಒಂದು ಷೇರನ್ನು ಹಲವು ಸಣ್ಣ ಷೇರುಗಳಾಗಿ ಒಡೆಯಲಿದೆ ಎಂಬ ಸುದ್ದಿ ಹಬ್ಬಿ, ತಿಂಗಳುಗಳು ಕಳೆದರೂ ಘೋಷಣೆ ಬಾರದಿದ್ದಾಗ ಬಗೆಬಗೆಯ ಊಹೆಗಳು ಹುಟ್ಟುತ್ತವೆ. ಊಹಿಸುವುದು ತಪ್ಪಲ್ಲ, ಆದರೆ ಆ ಊಹೆಗೆ ಎಲ್ಲರಿಗೂ ಸಿಗುವ ದಾಖಲೆಗಳೇ ಆಧಾರವಾಗಿರಬೇಕು.

ಮೊದಲು, ತಡವಾಗಿರುವುದು ಯಾವ ಹಂತ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಿರ್ದೇಶಕರ ಮಂಡಳಿ ವಿಭಜನೆಗೆ ಒಪ್ಪಿದ್ದರೆ, ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ ನಿಯಮದಂತೆ ಸಭೆ ಮುಗಿದ 30 ನಿಮಿಷಗಳೊಳಗೆ, ವಹಿವಾಟಿನ ಅವಧಿಯ ನಂತರ ಮುಗಿದಿದ್ದರೆ 3 ಗಂಟೆಗಳೊಳಗೆ, ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕು. ವಿನಿಮಯ ಕೇಂದ್ರದ ಜಾಲತಾಣದಲ್ಲಿ ಅಂಥ ಪ್ರಕಟಣೆ ಇಲ್ಲವೆಂದಾದರೆ ನಾವು ಕಾಯುತ್ತಿರುವುದು ಕಂಪನಿ ಕೈಗೊಂಡ ನಿರ್ಧಾರದ ಜಾರಿಗಲ್ಲ, ಪೇಟೆಯ ಬರೀ ನಿರೀಕ್ಷೆಯೊಂದು ನಿಜವಾಗುವುದಕ್ಕೆ.

ಎರಡನೆಯದಾಗಿ ಮುಖಬೆಲೆಯನ್ನು, ಅಂದರೆ ಪೇಟೆಯ ದರವನ್ನಲ್ಲ, ಕಂಪನಿ ಷೇರಿಗೆ ನಿಗದಿಪಡಿಸಿದ ಮೂಲ ಬೆಲೆಯನ್ನು ನೋಡಿ; ವಿಭಜನೆಯಲ್ಲಿ ಇಳಿಸುವುದು ಇದನ್ನೇ. ಅದು ಈಗಾಗಲೇ 1 ರೂಪಾಯಿ ಆಗಿದ್ದರೆ ಮುಂದೆ ವಿಭಜಿಸಲು ಎಡೆಯಿಲ್ಲ. ಅದಕ್ಕಿಂತ ಕೆಳಗೆ ಇಳಿಸುವ ರೂಢಿ ನಮ್ಮಲ್ಲಿಲ್ಲ. 2019ರಲ್ಲಿ ಮುಖಬೆಲೆಯನ್ನು 2ರಿಂದ 1 ರೂಪಾಯಿಗೆ ಇಳಿಸಿದ ಎಚ್‌ಡಿಎಫ್‌ಸಿ ಬ್ಯಾಂಕ್ 2025ರ ಆಗಸ್ಟ್‌ನಲ್ಲಿ ಮತ್ತೆ ವಿಭಜಿಸಲಿಲ್ಲ; ಕೊಟ್ಟದ್ದು ಒಂದಕ್ಕೊಂದು ಬೋನಸ್ ಷೇರು, ಅಂದರೆ ಇದ್ದ ಪ್ರತಿ ಷೇರಿಗೆ ಉಚಿತವಾಗಿ ಇನ್ನೊಂದು.

ಮೂರನೆಯ ಹಂತವೇ ಮುಖ್ಯವಾದದ್ದು: ಯಾರ ಯಾರ ಒಪ್ಪಿಗೆ ಬೇಕು ಎಂಬುದನ್ನು ಪಟ್ಟಿ ಮಾಡಿ. 2013ರ ಕಂಪನಿ ಕಾಯ್ದೆಯ 61ನೇ ವಿಧಿಯಂತೆ ಷೇರುದಾರರ ನಿರ್ಣಯ ಅಗತ್ಯ. ಇದನ್ನು ಅಂಚೆ ಮತದಾನದ ಮೂಲಕವೂ ಪಡೆಯಬಹುದು. ಆದರೆ ವಾರ್ಷಿಕ ಮಹಾಸಭೆ ಸಮೀಪದಲ್ಲಿದ್ದರೆ ಅಲ್ಲಿಯವರೆಗೆ ಕಾಯುವ ಕಂಪನಿಗಳೂ ಇರುತ್ತವೆ. ಬ್ಯಾಂಕಾದರೆ ರಿಸರ್ವ್ ಬ್ಯಾಂಕಿನ ಅನುಮತಿ, ಸರ್ಕಾರಿ ಸಂಸ್ಥೆಯಾದರೆ ಸಂಬಂಧಪಟ್ಟ ಸಚಿವಾಲಯದ ಒಪ್ಪಿಗೆ ಸೇರಿಕೊಳ್ಳುತ್ತದೆ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಮಂಡಳಿ, 10 ರೂಪಾಯಿಯ ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ವಿಭಜಿಸಲು 2024ರ ಫೆಬ್ರುವರಿಯಲ್ಲಿ ಒಪ್ಪಿತು. ಉಳಿದ ಒಪ್ಪಿಗೆಗಳು ದೊರೆತು ರೆಕಾರ್ಡ್ ಡೇಟ್ (ಅಂದು ಷೇರು ಹೊಂದಿದವರಿಗೆ ವಿಭಜನೆ ಅನ್ವಯಿಸುವ ದಿನ) ಬಂದಾಗ ಮೇ 15 ಆಗಿತ್ತು. ರೈಲ್ವೆಯ ಟಿಕೆಟ್ ಮಾರುವ ಸರ್ಕಾರಿ ಸಂಸ್ಥೆ ಐಆರ್‌ಸಿಟಿಸಿಯ ಮಂಡಳಿ 2021ರ ಆಗಸ್ಟ್‌ನಲ್ಲಿ ರೈಲ್ವೆ ಸಚಿವಾಲಯದ ಅನುಮತಿಗೆ ಒಳಪಟ್ಟು ವಿಭಜನೆಗೆ ಒಪ್ಪಿದರೂ, ಷೇರುಗಳು ವಿಭಜನೆಯಾದದ್ದು ಅಕ್ಟೋಬರ್ ಕೊನೆಗೆ. ಎರಡೂ ಕಡೆ ತಿಂಗಳುಗಟ್ಟಲೆ ಹಿಡಿದದ್ದು ಈ ವಿಧಿವಿಧಾನಗಳಿಗೇ ಹೊರತು ಯಾವ ಒಳಗುಟ್ಟಿಗೂ ಅಲ್ಲ.

ನಾಲ್ಕನೆಯದಾಗಿ, ಕಂಪನಿಯ ಮುಂದೆ ವಿಲೀನ, ಹಕ್ಕಿನ ಷೇರು (ಈಗಿನ ಷೇರುದಾರರಿಗೇ ಮೊದಲು ಮಾರುವ ಹೊಸ ಷೇರು) ಮುಂತಾದ ಬೇರೆ ಪ್ರಸ್ತಾವಗಳಿವೆಯೇ ಎಂದು ಪರಿಶೀಲಿಸಿ. ಷೇರುಗಳ ಸಂಖ್ಯೆಯನ್ನು ಅವಲಂಬಿಸಿದ ಲೆಕ್ಕಾಚಾರ ನಡೆಯುತ್ತಿರುವಾಗಲೇ ಆ ಸಂಖ್ಯೆಯನ್ನು ಬದಲಿಸಲು ಆಡಳಿತ ಹಿಂಜರಿಯುವುದು ಸಹಜ.

ಇವು ಯಾವುವೂ ಹೊಂದದಿದ್ದರೆ, ಕಂಪನಿಗೆ ವಿಭಜನೆ ಬೇಡವೇ ಇರಬಹುದು ಎಂಬುದನ್ನೂ ಒಪ್ಪಿಕೊಳ್ಳಬೇಕು. ಟಯರ್ ಕಂಪನಿ ಎಂಆರ್‌ಎಫ್‌ನ 10 ರೂಪಾಯಿ ಮುಖಬೆಲೆಯ ಷೇರಿನ ದರ 2023ರ ಜೂನ್‌ನಲ್ಲಿ 1 ಲಕ್ಷ ರೂಪಾಯಿ ದಾಟಿದಾಗಲೂ ಅದು ವಿಭಜನೆಯಾಗಲಿಲ್ಲ. ದರ ಏರಿತೆಂಬ ಒಂದೇ ಕಾರಣಕ್ಕೆ ವಿಭಜಿಸಬೇಕೆಂಬ ನಿಯಮವೂ ಇಲ್ಲ.

ಬಂಡವಾಳ ರಚನೆಯ ಬದಲಾವಣೆಯ ಕುರಿತ ಅಪ್ರಕಟಿತ ಮಾಹಿತಿಯನ್ನು ಸೆಬಿ ದರದ ಮೇಲೆ ಪ್ರಭಾವ ಬೀರಬಲ್ಲ ಮಾಹಿತಿಯೆಂದೇ ಪರಿಗಣಿಸುತ್ತದೆ. ಆದ್ದರಿಂದ ಕಂಪನಿಯ ಒಳಗಿನವರಿಂದ ಬಂದ ಸುದ್ದಿ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಿ ವಹಿವಾಟು ನಡೆಸಬೇಡಿ. ಸುದ್ದಿ ನಿಜವಾಗಿದ್ದರೆ ಆ ವಹಿವಾಟು ಕಾನೂನು ಉಲ್ಲಂಘನೆ, ಸುಳ್ಳಾಗಿದ್ದರೆ ನಷ್ಟ. ವಿಭಜನೆಯಾದ ಮಾತ್ರಕ್ಕೆ ಹಣವೂ ಹೆಚ್ಚುವುದಿಲ್ಲ: ಕೆನರಾ ಬ್ಯಾಂಕಿನ 100 ಷೇರುಗಳಿದ್ದವರ ಖಾತೆಯಲ್ಲಿ 500 ಷೇರುಗಳಾದಾಗ, 500 ರೂಪಾಯಿಗಿಂತ ಮೇಲಿದ್ದ ದರ ಐದರಲ್ಲಿ ಒಂದು ಭಾಗದ ಆಸುಪಾಸಿಗೆ ಇಳಿದಿತ್ತು.

ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಇನ್ನೂ ಕಾಗದದ ಷೇರು ಪತ್ರಗಳು ಉಳಿದಿವೆ. ಅವನ್ನು ಆ ರೂಪದಲ್ಲೇ ಮಾರಿ ಖರೀದಿದಾರರಿಗೆ ವರ್ಗಾಯಿಸಲು 2019ರ ಏಪ್ರಿಲ್‌ನಿಂದ ಅವಕಾಶವಿಲ್ಲ. ಘೋಷಣೆಗೆ ಕಾಯುತ್ತಿರುವ ಈ ಅವಧಿಯಲ್ಲಿ ಷೇರು ಪತ್ರದಲ್ಲಿರುವ ಹೆಸರು, ಪಾನ್ ಕಾರ್ಡಿನ ಹೆಸರು ಮತ್ತು ಸಹಿ ಹೊಂದುತ್ತವೆಯೇ ಎಂದು ನೋಡಿಕೊಂಡು, ಅವನ್ನು ಡಿಮ್ಯಾಟ್ ಖಾತೆಗೆ (ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆ) ಸೇರಿಸಲು ಅರ್ಜಿ ಕೊಡಿ.