ಹಳೆ ಫೋನಿನ ರೇಟು ನೋಡಿ ಷೇರು ಕೊಂಡೆ

ಫೋನ್ ಕಂಪನಿಗಳ ಷೇರು ಆರಿಸುವಾಗ ಎಲ್ಲರೂ ನೋಡುವುದು ಯಾವುದು ಜಾಸ್ತಿ ಮಾರಾಟ ಆಗ್ತಿದೆ ಎಂದು. ನಾನು ನೋಡುವುದು ಮೂರು ವರ್ಷ ಬಳಸಿದ ಫೋನಿಗೆ ಎಷ್ಟು ರೇಟು ಸಿಗುತ್ತದೆ ಎಂದು. ಕಾರವಾರದಲ್ಲಿ ನನ್ನದು ಮೊಬೈಲ್ ರಿಪೇರಿ ಮತ್ತು ಸೆಕೆಂಡ್ ಹ್ಯಾಂಡ್ ಅಂಗಡಿ. ಬೈತಖೋಲ್ ಬಂದರಿನ ಬೋಟಿನವರು, ಅರಗಾದ ನೇವಿಯವರು, ಕೈಗಾದಲ್ಲಿ ಕೆಲಸ ಮಾಡುವವರು, ಕಾಲೇಜು ಹುಡುಗರು, ಎಲ್ಲರೂ ಬರುತ್ತಾರೆ. ಇಷ್ಟು ಬಗೆಯ ಗಿರಾಕಿ ಒಂದೇ ಕೌಂಟರಿಗೆ ಬರುವುದು ನಮ್ಮ ಜಿಲ್ಲೆಯಲ್ಲಿ ಅಪರೂಪ. ಈ ಕೌಂಟರಿನ ಲೆಕ್ಕ ಹಿಡಿದು ಅಮೆರಿಕದ ಷೇರು ಕೊಳ್ಳುತ್ತೇನೆ ಎಂದಾಗ ಬ್ರೋಕರ್ ಗೆಳೆಯ ಬೇಡ ಅಂದ. ಸಿರ್ಸಿಯ ಭಾವ, ಅಡಿಕೆ ದುಡ್ಡನ್ನು ಸೊಸೈಟಿಯ ಠೇವಣಿ ಬಿಟ್ಟು ಬೇರೆಲ್ಲೂ ಇಡದವರು, "ಎಂತಕ್ಕೆ ಬೇಕು ಮಾರಾಯಾ ಇದೆಲ್ಲ, ಸುಮ್ನೆ ಅಂಗಡಿ ನೋಡ್ಕೋ" ಅಂದರು. ಈಗ ಅದೇ ಭಾವ ಫೋನ್ ಮಾಡಿ ಮುಂದೆ ಯಾವುದು ಎಂದು ಕೇಳುತ್ತಾರೆ. ಡಿಮ್ಯಾಟ್ ಖಾತೆ, ಎಲ್‌ಆರ್‌ಎಸ್ (ವಿದೇಶಕ್ಕೆ ದುಡ್ಡು ಕಳಿಸುವ ವ್ಯವಸ್ಥೆ) ಎಲ್ಲ ಗೊತ್ತಿರುವವರಿಗೆ ಅಂತಲೇ ಬರೆಯುತ್ತಿದ್ದೇನೆ, ಅದನ್ನೆಲ್ಲ ಮತ್ತೆ ವಿವರಿಸುವುದಿಲ್ಲ.

2014-15ರಲ್ಲಿ ಕೌಂಟರಿಗೆ ಬರುತ್ತಿದ್ದುದೆಲ್ಲ ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾ. ಮೈಕ್ರೋಮ್ಯಾಕ್ಸ್ ಷೇರುಪೇಟೆಗೆ ಬರಲೇ ಇಲ್ಲ. ಹಾಗಾಗಿ ಇಂಥ ಫೋನುಗಳನ್ನು ಹಂಚುತ್ತಿದ್ದ ಒಂದು ಕಂಪನಿಯ ಷೇರು ಹಿಡಿದೆ. ಹೆಸರು ಬೇಡ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಎಲ್ಲರಿಗೂ 4ಜಿ ಬೇಕಾಯಿತು, ರೆಡ್‌ಮಿ, ವಿವೋ, ಒಪ್ಪೋ ನುಗ್ಗಿದವು. ನನ್ನ 80 ಸಾವಿರ 25 ಸಾವಿರಕ್ಕೆ ಬಂತು. ಆಮೇಲೆ ಅಂಗಡಿಯ ಎಕ್ಸ್‌ಚೇಂಜ್ ಪುಸ್ತಕ ತೆಗೆದು ಕೂತೆ. ಮಾರಾಟ ಬೀಳುವ ಆರೇಳು ತಿಂಗಳು ಮೊದಲೇ ಆ ಫೋನುಗಳ ಹಳೆ ರೇಟು ಬಿದ್ದಿತ್ತು! ಎಂಟು ಸಾವಿರದ ಫೋನನ್ನು ವರ್ಷ ತುಂಬುವ ಮೊದಲೇ ಸಾವಿರಕ್ಕೂ ಯಾರೂ ಕೇಳುತ್ತಿರಲಿಲ್ಲ. ಮಾಹಿತಿ ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಅವತ್ತಿನಿಂದ ಪದ್ಧತಿ ಬದಲಾಯಿತು.

ಈಗ ಪುಸ್ತಕದಲ್ಲಿ ನಾಲ್ಕು ಕಾಲಮ್ ಇವೆ. ಮಾಡೆಲ್, ಎಷ್ಟು ವರ್ಷ ಹಳೆಯದು, ಹೊಸದಿದ್ದಾಗಿನ ಬೆಲೆ, ನಾನು ಕೊಟ್ಟ ಬೆಲೆ. ಐದನೆಯದೂ ಒಂದಿದೆ, ಅದು ಒಂದು ಬಿಡಿಭಾಗದ ಹೋಲ್‌ಸೇಲ್ ದರ. ಯಾವ ಬಿಡಿಭಾಗ ಎಂದು ಮಾತ್ರ ಹೇಳುವುದಿಲ್ಲ. ರಿಪೇರಿ ಕಸುಬಿನವರು ಊಹಿಸಬಹುದು.

2018ರ ಕೊನೆಯ ಹೊತ್ತಿಗೆ ಈ ಪುಸ್ತಕದಲ್ಲಿ ಕಂಡದ್ದು ಇಷ್ಟು. 62 ಸಾವಿರಕ್ಕೆ ಬಂದ ಐಫೋನ್ 6ಎಸ್‌ಗೆ ಮೂರು ವರ್ಷದ ಮೇಲೂ ಸುಮಾರು 15-16 ಸಾವಿರ ಸಿಗುತ್ತಿತ್ತು. ಅದೇ ಬೆಲೆಯ ಆಂಡ್ರಾಯ್ಡ್ ಫೋನಿಗೆ 6-7 ಸಾವಿರ ಸಿಕ್ಕರೆ ಹೆಚ್ಚು. ಜತೆಗೆ ಆ ವರ್ಷ ಹಳೆ ಬ್ಯಾಟರಿಯ ಫೋನುಗಳನ್ನು ನಿಧಾನ ಮಾಡಿದ ಗಲಾಟೆಯ ನಂತರ ಆಪಲ್ ಬ್ಯಾಟರಿ ಬದಲಾವಣೆಯ ದರವನ್ನು 2,000 ರೂಪಾಯಿಗೆ ಇಳಿಸಿತ್ತು. ನನ್ನ ಗಿರಾಕಿಗಳು ಗೋವಾಕ್ಕೋ ಹುಬ್ಬಳ್ಳಿಗೋ ಹೋಗಿ ಬ್ಯಾಟರಿ ಹಾಕಿಸಿಕೊಂಡು ಬಂದು ಅದೇ ಹಳೆ ಫೋನ್ ಬಳಸುತ್ತಿದ್ದರು. ನನಗೆ ಅದರಿಂದ ಒಂದು ರೂಪಾಯಿ ಲಾಭವಿಲ್ಲ. ಆದರೆ ಒಬ್ಬರೂ ಬೇರೆ ಬ್ರಾಂಡಿಗೆ ಹೋಗಲಿಲ್ಲ. ಅದನ್ನು ಬರೆದಿಟ್ಟುಕೊಂಡೆ.

2019ರ ಜನವರಿ 2ರಂದು, ಆಗ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಪತ್ರ ಬರೆದು ಆದಾಯದ ಅಂದಾಜು ಇಳಿಸಿದರು. ಮುಖ್ಯ ಕಾರಣ ಚೀನಾ ಅಂದರು, ಅಗ್ಗದ ಬ್ಯಾಟರಿ ಬದಲಾವಣೆಯನ್ನೂ ಹೆಸರಿಸಿದರು. ಮರುದಿನ ಷೇರು ಸುಮಾರು 10% ಬಿದ್ದು 142 ಡಾಲರ್ ಆಯಿತು. ಐಫೋನ್ ಕಥೆ ಮುಗಿಯಿತು ಎಂದು ಟಿವಿಯವರೆಲ್ಲ ಹೇಳಿದರು. ಬ್ಯಾಟರಿ ಹಾಕಿಸಿಕೊಂಡವನು ಗಿರಾಕಿಯಾಗಿಯೇ ಉಳಿದಿದ್ದಾನೆ, ಎರಡು ವರ್ಷ ತಡವಾಗಿ ಬಂದರೂ ಅದೇ ಅಂಗಡಿಗೆ ಬರುತ್ತಾನೆ ಎಂಬುದು ನನ್ನ ಲೆಕ್ಕ. ಭಾವನಿಗೂ ಅವರ ಮಾತಲ್ಲೇ ಹೇಳಿದೆ, ಒಳ್ಳೆ ಚಾಲಿ ಅಡಿಕೆ ಗೋದಾಮಿನಲ್ಲಿ ಕೂತರೂ ದರ ಬಿಡುವುದಿಲ್ಲ ಅಲ್ವಾ, ಹಾಗೆ. ಅವರು ಒಪ್ಪಲಿಲ್ಲ.

ದುಡ್ಡು ಕಳಿಸುವುದೇ ಒಂದು ಹೋರಾಟ ಆಯಿತು. ಬ್ಯಾಂಕಿನ ಹೆಸರು ಬೇಡ. ವಿದೇಶಕ್ಕೆ ದುಡ್ಡು ಕಳಿಸುವ ಎ2 ಫಾರಂ ಎಂದರೆ ಕೌಂಟರಿನವರು ಮುಖ ನೋಡಿದರು, ಮಗ ಫಾರಿನ್ನಿನಲ್ಲಿ ಓದ್ತಾನಾ ಎಂದು ಕೇಳಿದರು. ಪ್ರತಿ ಸಲ ಒಂದೂವರೆ-ಎರಡು ಸಾವಿರ ಖರ್ಚು, ಅದರ ಮೇಲೆ ಡಾಲರ್ ದರದಲ್ಲಿ ಬ್ಯಾಂಕಿನ ಮಾರ್ಜಿನ್ ಬೇರೆ. 20 ಸಾವಿರ ಕಳಿಸಿದರೆ ಹತ್ತನೇ ಒಂದು ಭಾಗ ದಾರಿಯಲ್ಲೇ ಹೋದಂತೆ. ಅದಕ್ಕೆ 80-90 ಸಾವಿರ ಕೂಡಿದ ಮೇಲೇ ಕಳಿಸುವ ರೂಢಿ ಮಾಡಿಕೊಂಡೆ. ಆ ವರ್ಷದ ಮೊದಲರ್ಧದಲ್ಲಿ ಸುಮಾರು ಎರಡೂವರೆ ಲಕ್ಷ ಆಪಲ್‌ಗೆ ಹೋಯಿತು, ಸರಾಸರಿ 180 ಡಾಲರ್ ಹತ್ತಿರ. 2020ರ ಆಗಸ್ಟಿನಲ್ಲಿ ಆಪಲ್ ಷೇರು ಒಡೆದು (ಸ್ಪ್ಲಿಟ್) ಒಂದು ಷೇರು ನಾಲ್ಕಾಯಿತು. 2024ರ ಕೊನೆಗೆ ಆ ಎರಡೂವರೆ ಲಕ್ಷ ಹದಿನಾರು ಲಕ್ಷದ ಆಚೀಚೆ ಇತ್ತು. ಡಾಲರ್ 70ರಿಂದ 85 ರೂಪಾಯಿ ಆದದ್ದೂ ಅದರಲ್ಲಿ ಸೇರಿದೆ. ಬರೀ ಷೇರಿನ ಹೆಚ್ಚಳ ಎಂದು ಲೆಕ್ಕ ಹಾಕಬೇಡಿ.

ನಡುವೆ ಫೋನ್ ಚಿಪ್ ಮಾಡುವ ಕ್ವಾಲ್ಕಾಮ್ ಷೇರು ಕೂಡ ಸ್ವಲ್ಪ ತೆಗೆದೆ. ರಿಪೇರಿಗೆ ಬಂದ ಆಂಡ್ರಾಯ್ಡ್ ಫೋನ್ ಬಿಚ್ಚಿದರೆ ಒಳಗೆ ಹೆಚ್ಚಾಗಿ ಒಂದೋ ಅವರ ಸ್ನಾಪ್‌ಡ್ರ್ಯಾಗನ್ ಚಿಪ್, ಇಲ್ಲ ಮೀಡಿಯಾಟೆಕ್ ಚಿಪ್. ಮೀಡಿಯಾಟೆಕ್ ಇರುವುದು ತೈವಾನ್ ಪೇಟೆಯಲ್ಲಿ, ನಮ್ಮ ಕೈಗೆ ಸಿಗುವುದಿಲ್ಲ. ಕ್ವಾಲ್ಕಾಮ್‌ಗೆ ಆಪಲ್ ಜತೆ ಕೋರ್ಟಿನಲ್ಲಿ ಜಗಳ ಇದ್ದ ಕಾಲ ಅದು. 2019ರ ಏಪ್ರಿಲ್‌ನಲ್ಲಿ ರಾಜಿಯಾಯಿತು, ಒಂದೇ ದಿನ 20%ಕ್ಕೂ ಮೇಲೆ ಏರಿತು. ಜಗಳವಾಡುತ್ತಿದ್ದ ಎರಡೂ ಕಡೆಯ ಷೇರು ನನ್ನ ಹತ್ತಿರ ಇದ್ದವು.

ಬೋಟಿನವರ ಫೋನುಗಳ ಮೇಲೂ ಒಂದು ಪ್ರಯೋಗ ಮಾಡಿದೆ. ಯಾವ ಕಂಪನಿಯ ಫೋನು ರಿಪೇರಿಗೆ ಕಡಿಮೆ ಬರುತ್ತದೆಯೋ ಅದರ ಷೇರು ಒಳ್ಳೆಯದಿರಬಹುದೇ ಎಂದು ಎರಡು ಹಂಗಾಮು ಬರೆದಿಟ್ಟೆ. ತಾಂಡೇಲರ (ಬೋಟು ನಡೆಸುವವರ) ಫೋನ್ ಬಿಚ್ಚಿದರೆ ಚಾರ್ಜಿಂಗ್ ಪಿನ್ನಿನ ಮೇಲೆ ಹಸಿರು ಪದರ, ಸ್ಕ್ರೂ ತಲೆ ತುಕ್ಕು ಹಿಡಿದು ಡ್ರೈವರ್ ಕೂರುವುದಿಲ್ಲ, ಬೋರ್ಡಿನ ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ. ಐಪಿಎ ಎಂಬ ಆಲ್ಕೋಹಾಲಿನಲ್ಲಿ ಬ್ರಶ್ ಹಾಕಿ ಉಜ್ಜಿದರೆ ಅರ್ಧಕ್ಕರ್ಧ ಜೀವ ಬರುತ್ತವೆ. ನೀರು ತಡೆಯುತ್ತದೆ ಎಂದು ಹೇಳಿಕೊಂಡು ಬಂದ ಫೋನುಗಳೂ ಸಮುದ್ರದ ನೀರಿಗೆ ಸೋತವು. ಕೊನೆಗೆ ಲೆಕ್ಕದಲ್ಲಿ ಕಂಪನಿ ಕಾಣಲಿಲ್ಲ, ಹಂಗಾಮು ಕಂಡಿತು. ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಇಂಥ ರಿಪೇರಿ ಇಳಿಯುತ್ತದೆ, ಆಗಸ್ಟಿನಲ್ಲಿ ಏರುತ್ತದೆ. ಷೇರಿಗೆ ಉಪಯೋಗವಿಲ್ಲ, ಬಿಡಿಭಾಗ ಯಾವಾಗ ತರಿಸಬೇಕು ಎನ್ನುವುದಕ್ಕೆ ಬಹಳ ಉಪಯೋಗ.

ಅಗ್ಗದ ಆಂಡ್ರಾಯ್ಡ್ ಕಂಪನಿಗಳ ಕಥೆ ಬೇರೆ. ಒಪ್ಪೋ, ವಿವೋ ಷೇರುಪೇಟೆಯಲ್ಲೇ ಇಲ್ಲ. ಶಿಯೋಮಿ 2018ರಲ್ಲಿ ಹಾಂಗ್‌ಕಾಂಗಿನಲ್ಲಿ ಲಿಸ್ಟ್ ಆಯಿತು. ಇವರ ಪೈಪೋಟಿಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಹಳೆ ರೇಟೂ ಹೇಳಲಿಲ್ಲ, ಎಲ್ಲದಕ್ಕೂ ಒಂದೇ ಥರ ಬೀಳುತ್ತಿತ್ತು. ಆಗ ಡಬ್ಬಿ ತಿರುಗಿಸಿ ಓದಲು ಶುರು ಮಾಡಿದೆ. ಡಬ್ಬಿಯ ಕೆಳಗೆ ಸಣ್ಣ ಅಕ್ಷರದಲ್ಲಿ ತಯಾರಿಸಿದವರ ಹೆಸರು ಇರುತ್ತದೆ. 2017ರ ಡಿಸೆಂಬರಿನಿಂದ 2018ರ ಬಜೆಟ್ ಒಳಗೆ ಫೋನ್ ಆಮದು ಸುಂಕ 10%ನಿಂದ 20%ಗೆ ಹೋಯಿತು, ಇಲ್ಲಿಯೇ ಜೋಡಿಸಿದ ಡಬ್ಬಿಗಳು ಹೆಚ್ಚಾದವು. ಒಂದು ಫೋನಿನ ಡಬ್ಬಿಯ ಮೇಲೆ ನೋಯ್ಡಾದ ಪ್ಯಾಡ್ಜೆಟ್ ಎಲೆಕ್ಟ್ರಾನಿಕ್ಸ್ ಹೆಸರು ಕಂಡಿತು. ಹುಡುಕಿದರೆ ಅದು ಡಿಕ್ಸನ್ ಟೆಕ್ನಾಲಜೀಸ್‌ನ ಅಂಗಸಂಸ್ಥೆ. ಡಿಕ್ಸನ್ 2017ರಿಂದ ನಮ್ಮ ಪೇಟೆಯಲ್ಲೇ ಇದೆ. ಯಾವ ಬ್ರಾಂಡ್ ಗೆದ್ದರೂ ಜೋಡಿಸುವವನಿಗೆ ಕೆಲಸ ಇದ್ದೇ ಇದೆ.

2020ರಲ್ಲಿ, ಇಲ್ಲೇ ತಯಾರಿಸುವ ಕಂಪನಿಗಳಿಗೆ ಸರ್ಕಾರ ಪ್ರೋತ್ಸಾಹಧನ ಕೊಡುವ ಪಿಎಲ್‌ಐ ಯೋಜನೆ ಬಂತು. ಲಾಕ್‌ಡೌನ್ ಸಡಿಲವಾದ ಮೇಲೆ ಡಿಕ್ಸನ್‌ಗೆ ಒಂದು ಲಕ್ಷದಷ್ಟು ಹಾಕಿದೆ, ಆಗ ರೇಟು ಐದು-ಆರು ಸಾವಿರದ ನಡುವೆ. 2021ರಲ್ಲಿ ಒಂದು ಷೇರು ಐದಾಯಿತು. ಕಷ್ಟದ ಕಾಲ ಎಂದರೆ 2023ರ ಜನವರಿ. ಒಂದೇ ದಿನ ಸುಮಾರು 20% ಬಿತ್ತು, ಹಿಂದಿನ ಗರಿಷ್ಠ ಬೆಲೆಯಿಂದ ನೋಡಿದರೆ ಅರ್ಧಕ್ಕೂ ಕೆಳಗೆ. ಬ್ರೋಕರ್ ಗೆಳೆಯ ಮಾರು ಮಾರು ಎಂದು ಬೆಳಿಗ್ಗೆಯಿಂದ ಕರೆ ಮಾಡಿದ. ನಾನು ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಆ ತಿಂಗಳ ಡಬ್ಬಿಗಳನ್ನು ತಿರುಗಿಸಿದೆ. ಇಲ್ಲಿ ಜೋಡಿಸಿದವು ಕಡಿಮೆಯಾಗಿರಲಿಲ್ಲ. ಮಾರಲಿಲ್ಲ. 2024ರ ಕೊನೆಗೆ ಆ ಒಂದು ಲಕ್ಷ ಹದಿನೈದು ಪಟ್ಟು ಆಗಿತ್ತು.

ತೆರಿಗೆ ಬಗ್ಗೆ ಒಂದೇ ಮಾತು. ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ಕ್ಯಾಲೆಂಡರ್ ವರ್ಷದ ಲೆಕ್ಕ, ಏಪ್ರಿಲ್-ಮಾರ್ಚ್ ಅಲ್ಲ. ಬಿಟ್ಟರೆ 10 ಲಕ್ಷ ದಂಡ ಬೀಳಬಹುದು. ಡಿವಿಡೆಂಡಿನಲ್ಲಿ ಅಮೆರಿಕ 25% ಹಿಡಿಯುತ್ತದೆ, ಅದಕ್ಕಿರುವ ಫಾರಂ ತುಂಬಿದರೆ ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು.

ಪಿಎಲ್‌ಐ 2025-26ಕ್ಕೆ ಮುಗಿಯಬೇಕಿದ್ದ ಯೋಜನೆ. 2024ರ ಬಜೆಟ್ಟಿನಲ್ಲಿ ಆಮದು ಸುಂಕವೂ 15%ಗೆ ಇಳಿಯಿತು. ಅದಕ್ಕೇ ಡಿಕ್ಸನ್‌ನಲ್ಲಿ ಮೂರನೇ ಒಂದು ಭಾಗ ಮಾರಿ ದುಡ್ಡು ಕೈಯಲ್ಲಿ ಇಟ್ಟುಕೊಂಡಿದ್ದೇನೆ. ಆಪಲ್ ಒಂದನ್ನೂ ಮಾರಿಲ್ಲ. ಮೂರು ವರ್ಷ ಬಳಸಿದ ಐಫೋನಿಗೆ ನನ್ನ ಕೌಂಟರಿನಲ್ಲಿ ಹೊಸ ಬೆಲೆಯ ಕಾಲು ಭಾಗವೂ ಸಿಗದೆ ಎರಡು ಹಂಗಾಮು ಕಳೆದರೆ ಮಾರುತ್ತೇನೆ. ಸದ್ಯಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ ಸಿಗುತ್ತಿದೆ.